ಚಿಕಿತ್ಸೆಯ ಮೂರನೆಯ ಪಾದ

ಹಿರಿಯರೊಬ್ಬರು ಜಡ್ಡಾಗಿ ಹತ್ತು ದಿನ ದವಾಖಾನೆಯಲ್ಲಿದ್ದು, ಗುಣವಾಗಿ ಮನೆಗೆ ಮರಳುತ್ತಾರೆ. ನೋಡಲು ಬಂದ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, "ಯಾವ ಡಾಕ್ಟರಿಗೆ ತೋರಿಸಿದ್ದಿರಿ?" ಎಂಬುದು. ಆ ಹತ್ತು ದಿನಗಳಲ್ಲಿ ಅವರ ಬೆರಳಿನಿಂದ ರಕ್ತ ತೆಗೆದವರು ಯಾರು, ಅದನ್ನು ಗಾಜಿನ ಪಟ್ಟಿಯ ಮೇಲೆ ಹರವಿ ಸೂಕ್ಷ್ಮದರ್ಶಕದಲ್ಲಿ ನೋಡಿದವರು ಯಾರು, ಎದೆಯ ಕ್ಷಕಿರಣ ಚಿತ್ರ ತೆಗೆದವರು ಯಾರು, ಶಸ್ತ್ರಕ್ರಿಯೆಯ ಕೋಣೆಯನ್ನು ಅಣಿಗೊಳಿಸಿದವರು ಯಾರು, ಮಲಗಿದ್ದವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಯಲು ಮತ್ತೆ ಕಲಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವುದಕ್ಕೆ ರೋಗಿಗೆ ಅವರ ಹೆಸರು ತಿಳಿದಿರುವುದಿಲ್ಲ.

ಈ ಮರೆವು ನಮ್ಮ ಶಾಸ್ತ್ರದ್ದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ. ವೈದ್ಯ ಮೊದಲನೆಯದು, ಔಷಧ ಎರಡನೆಯದು, ಉಪಚಾರ ಮಾಡುವ ಪರಿಚಾರಕ ಮೂರನೆಯದು, ರೋಗಿ ನಾಲ್ಕನೆಯದು. ಪ್ರತಿಯೊಂದು ಪಾದಕ್ಕೂ ಇರಬೇಕಾದ ನಾಲ್ಕು ಗುಣಗಳನ್ನು ಎಣಿಸಿದೆ. ಪರಿಚಾರಕನಿಗೆ ಹೇಳಿದ ಗುಣಗಳು ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ. ಎಷ್ಟೋ ಶತಮಾನಗಳ ಹಿಂದೆ ಹೇಳಿದ ಈ ನಾಲ್ಕು ಮಾತುಗಳನ್ನು ಇಂದಿನ ಯಾವ ದವಾಖಾನೆಯ ಬಾಗಿಲ ಮೇಲೂ ಬರೆಯಬಹುದು.

ಈ ಮೂರನೆಯ ಪಾದದ ಇತಿಹಾಸವನ್ನು ಇಂದು ಸ್ವಲ್ಪ ನೋಡೋಣ. ಈಗ ಇದಕ್ಕೆ ‘ಅಲೈಡ್ ಹೆಲ್ತ್ ಸೈನ್ಸಸ್’ ಎಂಬ ಹೊಸ ಹೆಸರು ಬಂದಿದೆ. ಕನ್ನಡದಲ್ಲಿ ವೈದ್ಯಪೂರಕ ವಿದ್ಯೆಗಳೆನ್ನಬಹುದು. ಪ್ರಯೋಗಾಲಯ, ಕ್ಷಕಿರಣ, ಅರಿವಳಿಕೆ, ನೇತ್ರ ಪರೀಕ್ಷೆ, ಅಂಗಮರ್ದನ ಮತ್ತು ವ್ಯಾಯಾಮ ಚಿಕಿತ್ಸೆ, ಮೂತ್ರಪಿಂಡದ ಯಂತ್ರ ಮುಂತಾದವುಗಳ ಕೆಲಸಗಾರರೆಲ್ಲ ಈ ಮನೆತನದವರು. ದಾದಿಯರಿಗೂ ಔಷಧಕಾರರಿಗೂ ಕಾನೂನಿನಲ್ಲಿ ಬೇರೆ ಮನೆಯಿದೆ. ಆದರೆ ಚರಿತ್ರೆಯಲ್ಲಿ ಅವರೆಲ್ಲರೂ ಒಂದೇ ತಾಯಿಯ ಮಕ್ಕಳು. ಈ ವಿದ್ಯೆಗಳು ಇಂದು ಸಾರ್ವಜನಿಕ ವಿಶ್ವವಿದ್ಯಾನಿಲಯದ ಪದವಿಯಾಗಿವೆ. ಕೈಕೆಲಸವಾಗಿದ್ದದ್ದು ಪದವಿಯಾಗುವ ತನಕ ನಡೆದ ದಾರಿ ಯಾವುದು, ಆ ದಾರಿಯಲ್ಲಿ ನಾವು ಪಡೆದದ್ದೇನು, ಕೈಬಿಡಬಾರದ್ದೇನು ಎಂಬುದು ನನ್ನ ವಿಷಯ.

ಇದಕ್ಕೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಸೀಮೆಯನ್ನು ಆರಿಸಿಕೊಂಡಿದ್ದೇನೆ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ಸ್ವತಂತ್ರ ತಾಲೂಕಾದದ್ದು ಇತ್ತೀಚೆಗೆ, 2018ರಲ್ಲಿ. ಘಟಪ್ರಭೆಯ ನೀರುಂಡು ಬೆಳೆದ ಈ ಸೀಮೆ ಜಲಪಾತಕ್ಕೆ, ಗಿರಣಿಗೆ, ಕರದಂಟಿಗೆ, ಹುಕ್ಕೇರಿಯ ಗುಮ್ಮಟಗಳಿಗೆ ಹೆಸರಾದದ್ದು, ವೈದ್ಯವಿದ್ಯೆಗೆಂದು ಹೆಸರಾದದ್ದಲ್ಲ. ಹಾಗಿದ್ದೂ ಚರಕ ಹೇಳಿದ ನಾಲ್ಕು ಗುಣಗಳು ಹೊಸ ಕಾಲದಲ್ಲಿ ಒಂದೊಂದಾಗಿ ಹೇಗೆ ಕಾಣಿಸಿಕೊಂಡವು ಎಂಬುದನ್ನು ಈ ನೆಲದಲ್ಲಿಯೂ ಇದರ ಆಸುಪಾಸಿನಲ್ಲಿಯೂ ನೋಡಬಹುದು.

ಮೊದಲು ದಕ್ಷತೆ. ಹಳ್ಳಿಗರ ಕಣ್ಣಿಗೆ ಹೊಸ ವೈದ್ಯದ ಪ್ರತಿನಿಧಿಯಾಗಿ ಮೊದಲು ಬಂದವನು ಡಾಕ್ಟರನಲ್ಲ, ದೇವಿ ಹಾಕುವವನು. ಸಿಡುಬಿಗೆ ನಮ್ಮ ಕಡೆ ದೇವಿ ಎಂದೇ ಹೆಸರು. ಆದ್ದರಿಂದ ಸಿಡುಬಿನ ಲಸಿಕೆ ಚುಚ್ಚುವುದಕ್ಕೆ ದೇವಿ ಹಾಕುವುದು ಎಂದಾಯಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ದುಸ್ತಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಈ ಲಸಿಕೆ ಹಾಕಿದರು. ಭಾರತದಲ್ಲಿ ಅದೇ ಮೊದಲನೆಯದು. ಆಗ ಸೀಸೆಯಲ್ಲಿಟ್ಟು ಕಾಯ್ದುಕೊಳ್ಳುವ ಲಸಿಕೆ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ಸುಮಾರು ಎಂಟನೆಯ ದಿನ ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕು, ಅಲ್ಲಿಂದ ಇನ್ನೊಂದಕ್ಕೆ. ಈ ಸರಪಳಿ ಎಲ್ಲಿಯೂ ಕಡಿಯಬಾರದು. ತಮ್ಮ ಮಗುವಿನ ತೋಳನ್ನು ಕೆದರಿ ರಸ ತೆಗೆಯುವುದಕ್ಕೆ ಯಾವ ತಾಯಿ ಸುಲಭವಾಗಿ ಒಪ್ಪಿಯಾಳು? ದೇವಿ ಹಾಕುವವನು ಬಂದನೆಂದರೆ ಮಕ್ಕಳನ್ನು ಕಣಜದ ಹಿಂದೆ ಅಡಗಿಸುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಕೈಯ ಹದವಷ್ಟೇ ಅಲ್ಲ. ಕಟ್ಟೆಯ ಮೇಲೆ ಕುಳಿತು ಮಾತನಾಡಿ ಮನಸ್ಸನ್ನು ಒಲಿಸುವ ಹದವೂ ಬೇಕಾಗಿತ್ತು.

ಕರುವಿನ ಮೈಯಲ್ಲಿ ಲಸಿಕೆಯ ರಸವನ್ನು ಬೆಳೆಸುವ ವಿಧಾನ ಬಂದ ಮೇಲೆ ಈ ಕಷ್ಟ ಕಡಿಮೆಯಾಯಿತು. ಇಪ್ಪತ್ತನೆಯ ಶತಮಾನದ ಆರಂಭಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಬೇಕಾದ ಲಸಿಕೆಯನ್ನು ತಯಾರಿಸುವ ಸಂಸ್ಥೆ ಬೆಳಗಾವಿಯಲ್ಲಿ ನೆಲೆಗೊಂಡಿತು. ಟಿಳಕವಾಡಿಯ ಮರಗಳ ನಡುವಣ ಆ ಆವರಣಕ್ಕೆ ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಹೆಸರು. ಬೆಳಗಿನ ತಿರುಗಾಟಕ್ಕೆ ಅಲ್ಲಿ ಹೋಗುವವರಲ್ಲಿ ಎಷ್ಟು ಮಂದಿ ಆ ಹೆಸರಿನ ಅರ್ಥವನ್ನು ನೆನೆಯುತ್ತಾರೋ ತಿಳಿಯದು.

1960ರ ದಶಕದ ಕೊನೆಯಲ್ಲಿ ಕವಲುಸೂಜಿ ಬಂದಿತು. ಎರಡು ಮೊನೆಗಳ ನಡುವೆ ಒಂದು ಹನಿ ಲಸಿಕೆ ನಿಲ್ಲುತ್ತದೆ. ಅದರಿಂದ ತೋಳಿನ ಮೇಲೆ ಹದಿನೈದು ಸಲ ಚುಚ್ಚಬೇಕು. ಇಷ್ಟನ್ನು ಯಾರಿಗೂ ಅಲ್ಪಕಾಲದಲ್ಲಿ ಕಲಿಸಬಹುದಾಗಿತ್ತು. ಜಗತ್ತಿನಿಂದ ಸಿಡುಬನ್ನು ಓಡಿಸಿದ್ದು ಹೀಗೆ ಕಲಿತ ಸಾವಿರಾರು ಸಾಮಾನ್ಯರ ಕೈಗಳು. ಭಾರತದಲ್ಲಿ ಕೊನೆಯ ಸಿಡುಬಿನ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ನಮ್ಮ ತಲೆಮಾರಿನವರ ತೋಳಿನ ಮೇಲೆ ಆ ಕಲೆ ಉಳಿದಿದೆ. ಹಾಕಿದವನ ಹೆಸರು ಉಳಿದಿಲ್ಲ.

ದೇವಿ ಹಾಕುವವನು ವರ್ಷಕ್ಕೊಮ್ಮೆ ಬರುವವನಾದರೆ ಕಂಪೌಂಡರ ಊರಿನಲ್ಲಿಯೇ ಇರುವವನು. ದವಾಖಾನೆಯ ಕಿಟಕಿಯ ಹಿಂದೆ ಅವನ ರಾಜ್ಯ. ಸೀಸೆಯನ್ನು ನೀವೇ ಒಯ್ಯಬೇಕು. ಅವನು ದೊಡ್ಡ ಬಾಟಲಿಗಳಿಂದ ಅಳೆದು ಬೆರೆಸಿ, ಕೆಂಪು ನೀರನ್ನೋ ಬಿಳಿಯ ನೀರನ್ನೋ ತುಂಬಿ, ಕಾಗದದ ಪಟ್ಟಿಯ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸೀಸೆಗೆ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದ ಅಜ್ಜಿಗೂ ಪ್ರಮಾಣ ತಪ್ಪುತ್ತಿರಲಿಲ್ಲ. ಓದಲು ಬಾರದವರಿಗಾಗಿ ಶಾಸ್ತ್ರವನ್ನು ಕಾಗದದಲ್ಲಿ ಕತ್ತರಿಸಿಕೊಟ್ಟ ಆ ಜಾಣ್ಮೆ ಸಣ್ಣದಲ್ಲ. ಅವನು ಇದನ್ನೆಲ್ಲ ಕಲಿತದ್ದು ಹಿಂದಿನ ಕಂಪೌಂಡರನ ಮಗ್ಗುಲಲ್ಲಿ ನಿಂತು. ಗೋಕಾಕದ ಬೊಂಬೆ ಮಾಡುವ ಮನೆಯಲ್ಲಿ ಮಗ ತಂದೆಯ ಮಗ್ಗುಲಲ್ಲಿ ಕುಳಿತು ಹಗುರ ಮರವನ್ನು ಕೆತ್ತಿ ಹಣ್ಣು ಕಾಯಿಗಳ ಬಣ್ಣ ಹಚ್ಚುವುದನ್ನು ಕಲಿತಂತೆಯೇ ಇದೂ. ಇದರಲ್ಲಿ ದಕ್ಷತೆಯಿತ್ತು, ಏಕೆ ಹೀಗೆ ಎಂಬುದರ ಜ್ಞಾನ ಮಾತ್ರ ಎಷ್ಟಿರುತ್ತಿತ್ತೋ ಅಷ್ಟೇ.

ಇನ್ನು ಶುಚಿತ್ವ. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಅದೇ ದಾರಿ ಮಿರಜಕ್ಕೆ ಒಯ್ಯುತ್ತದೆ. ಅಲ್ಲಿ ಅಮೆರಿಕದ ಮಿಶನಿನವರಾದ ವಿಲಿಯಂ ವಾನ್ಲೆಸ್ ಅವರು 1890ರ ದಶಕದಲ್ಲಿ ಕಟ್ಟಿದ ದವಾಖಾನೆಗೆ ಕನ್ನಡ ಸೀಮೆಯ ರೋಗಿಗಳು ಬಂಡಿ ಕಟ್ಟಿಕೊಂಡು, ಆಮೇಲೆ ರೈಲಿನಲ್ಲಿ, ಹೋಗುತ್ತಿದ್ದರು. "ಮಿರಜಿಗೆ ಒಯ್ಯಿರಿ" ಎಂದರೆ ಬೇನೆ ಕೈಮೀರಿದೆ ಎಂದೇ ಅರ್ಥ. ವಾನ್ಲೆಸ್ಸರು ದೊಡ್ಡ ಶಸ್ತ್ರವೈದ್ಯರು. ಆದರೆ ಕುದಿಸಿದ ಉಪಕರಣ, ತೊಳೆದ ಕೈ, ಒಗೆದ ಹಾಸಿಗೆ, ರಾತ್ರಿಯ ಕಾವಲು ಇವಿಲ್ಲದೆ ಶಸ್ತ್ರವೈದ್ಯನ ಕೈಚಳಕ ನಂಜಿಗೆ ತುತ್ತಾಗುತ್ತದೆ. ಆದ್ದರಿಂದ ಅವರು ಸಹಾಯಕರನ್ನು ಅಲ್ಲಿಯೇ ತರಬೇತುಗೊಳಿಸಿದರು. ಮಿರಜದಲ್ಲಿ ವೈದ್ಯಶಾಲೆಯೂ ದಾದಿಯರ ಶಿಕ್ಷಣವೂ ಬೆಳೆದದ್ದು ಈ ಅಗತ್ಯದಿಂದ.

ಮಿರಜದಲ್ಲಿ ಶುಚಿತ್ವ ದವಾಖಾನೆಯ ಒಳಗಿನ ಶಿಸ್ತಾಗಿತ್ತು. ಅದನ್ನು ಊರಿನ, ನಾಡಿನ ಶಿಸ್ತನ್ನಾಗಿ ಮಾಡಲು ಹೊರಟವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಇವರು ಕಲಕತ್ತೆಯಲ್ಲಿ ವೈದ್ಯ ಕಲಿತು, ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅದು ಸಾರ್ವಜನಿಕರ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯ. ಅಲ್ಲಿ ಅವರು ಅಭ್ಯಾಸ ಮಾಡಿದ ವಿಷಯ ಸಾರ್ವಜನಿಕ ಆರೋಗ್ಯ. ನೀರು, ಕಸ, ಕೊಳಚೆ, ಸೋಂಕು ಇವುಗಳ ಶಾಸ್ತ್ರ. ಲಾಲಾ ಲಜಪತರಾಯರ ಸಂಗಡ ಅಲ್ಲಿಯೇ ದೇಶಕಾರ್ಯವನ್ನೂ ಮಾಡಿ, ತಾಯ್ನಾಡಿಗೆ ಮರಳಿ, 1923ರಲ್ಲಿ ಹಿಂದುಸ್ಥಾನೀ ಸೇವಾದಳವನ್ನು ಕಟ್ಟಿದರು. ಮರುವರ್ಷ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಸಾವಿರಾರು ಜನ ಸೇರಿದ ಆ ನಗರಿಯಲ್ಲಿ ಪಾಯಖಾನೆಗಳ ಶುಚಿತ್ವದ ಹೊಣೆಯನ್ನೂ ಸ್ವಯಂಸೇವಕರು ಹೊತ್ತರು. ಕೀಳೆಂದು ಒಂದು ವರ್ಗದ ಜನರ ತಲೆಗೆ ಕಟ್ಟಿದ್ದ ಕೆಲಸವನ್ನು ಓದಿದ ತರುಣರು ಸಾಲಾಗಿ ನಿಂತು ಮಾಡಿದ್ದು ಅಂದಿನವರಿಗೆ ಸೋಜಿಗವಾಗಿರಬೇಕು. ಅಧಿವೇಶನ ನಡೆದ ನೆಲವೂ ಲಸಿಕೆಯ ಡಿಪೋ ಇದ್ದ ನೆಲವೂ ಒಂದೇ ಟಿಳಕವಾಡಿಯಲ್ಲಿವೆ ಎಂಬುದು ಆಕಸ್ಮಿಕ. ಆದರೆ ಅರ್ಥವುಳ್ಳ ಆಕಸ್ಮಿಕ.

1929ರಲ್ಲಿ ಘಟಪ್ರಭೆಯ ದಂಡೆಯ ಮೇಲೆ, ಗೋಕಾಕ ಮತ್ತು ಹುಕ್ಕೇರಿಯ ಸೀಮೆ ಕೂಡುವೆಡೆಯಲ್ಲಿ, ಕರ್ನಾಟಕ ಆರೋಗ್ಯಧಾಮ ತಲೆಯೆತ್ತಿತು. ಅದರ ಸ್ಥಾಪನೆಯ ಕಾರ್ಯದಲ್ಲಿ ಡಾ. ಕೊಕಟನೂರರ ಹೆಸರು ಮೊದಲನೆಯದು. ಹರ್ಡೀಕರರು ಅವರ ಜತೆಗಾರರಾಗಿ ನಿಂತರು. ದೊಡ್ಡ ಪಟ್ಟಣದಲ್ಲಲ್ಲ, ನದಿಯ ಗಾಳಿ ಬೆಳಕು ಇರುವ ಹಳ್ಳಿಗಾಡಿನಲ್ಲಿ ಈ ಸಂಸ್ಥೆಯನ್ನು ಕಟ್ಟಿದ್ದು ಗಮನಿಸತಕ್ಕ ಮಾತು. ಪರದೇಶದ ವಿಶ್ವವಿದ್ಯಾನಿಲಯದಿಂದ ಪದವಿ ತಂದವರೊಬ್ಬರು ಅದರ ಫಲವನ್ನು ರೈತರ ಸೀಮೆಗೆ ತಂದು ಸುರಿದರು. ಹರ್ಡೀಕರರಿಗೆ 1958ರಲ್ಲಿ ಪದ್ಮಭೂಷಣ ಬಂದಿತು. 1975ರಲ್ಲಿ ಅವರು ತೀರಿಕೊಂಡರು. ಸೇವಾದಳದ ಸ್ಥಾಪಕರೆಂದು ಇತಿಹಾಸದ ಪುಸ್ತಕಗಳು ಅವರನ್ನು ನೆನೆಯುತ್ತವೆ. ಸಾರ್ವಜನಿಕ ಆರೋಗ್ಯವನ್ನು ಶಾಸ್ತ್ರವಾಗಿ ಓದಿ ಬಂದ ಕನ್ನಡಿಗರೆಂಬುದನ್ನೂ ನೆನೆಯಬೇಕು. ಸೇವೆಗೆ ಒಳ್ಳೆಯ ಮನಸ್ಸೊಂದಿದ್ದರೆ ಸಾಲದು, ಅದನ್ನು ಕಲಿಯಬೇಕು ಎಂಬ ತತ್ವ ಅವರ ಬಾಳಿನಲ್ಲಿದೆ.

ಹೀಗೆ ನಾವು ಜ್ಞಾನಕ್ಕೆ ಬಂದೆವು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಮಗ್ಗುಲಲ್ಲಿ ನಿಂತು ಕಲಿಯುವುದಷ್ಟೇ ಸಾಲದೆಂಬುದು ಸ್ಪಷ್ಟವಾಯಿತು. ಅದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ನಿದರ್ಶನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರಾದ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನ ಕ್ಷಯವನ್ನು ಅಲಕ್ಷಿಸುತ್ತಾರೆ, ದವಾಖಾನೆಗೆ ಬರುವುದೇ ಇಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. ಕಂಡದ್ದು ಬೇರೆ. ಲಕ್ಷಣಗಳಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆಯನ್ನು ಅರಸಿ, ಹೆಚ್ಚಾಗಿ ಸರಕಾರಿ ದವಾಖಾನೆಗಳಿಗೆ, ಹೋಗಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ. ತಪ್ಪು ರೋಗಿಯದಲ್ಲ. ಕಂಪೌಂಡರನದೂ ಅಲ್ಲ, ಅವನು ತನಗೆ ಗೊತ್ತಿದ್ದದ್ದನ್ನು ನಿಷ್ಠೆಯಿಂದ ಮಾಡಿದ್ದ. ಆದರೆ ಕಫವನ್ನು ಪರೀಕ್ಷಿಸಬಲ್ಲ ಕಣ್ಣು ಆ ದವಾಖಾನೆಯಲ್ಲಿರಲಿಲ್ಲ.

ಆ ಕಣ್ಣನ್ನು ತಯಾರಿಸುವುದೆಂದರೇನು? ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರವಿ, ಕಾಯಿಸಿ, ಕೆಂಪು ಬಣ್ಣ ಹಾಕಿ ಹಬೆಯೇಳುವ ತನಕ ಬಿಸಿಮಾಡಬೇಕು, ಆಮ್ಲದಿಂದ ತೊಳೆಯಬೇಕು, ನೀಲಿ ಬಣ್ಣ ಕೊಡಬೇಕು. ಉಳಿದದ್ದೆಲ್ಲ ನೀಲಿಯಾಗುತ್ತದೆ, ಕ್ಷಯದ ರೋಗಾಣು ಮಾತ್ರ ಆಮ್ಲಕ್ಕೆ ಸೋಲದೆ ಕೆಂಪು ಕಡ್ಡಿಯಂತೆ ಉಳಿಯುತ್ತದೆ. ನೂರು ಕ್ಷೇತ್ರಗಳನ್ನು ಒಂದೊಂದಾಗಿ ನೋಡಿದ ಮೇಲೆಯೇ ‘ಇಲ್ಲ’ ಎಂದು ಬರೆಯಬೇಕು. ಐವತ್ತಕ್ಕೇ ಬೇಸತ್ತು ಎದ್ದರೆ ರೋಗಿ ತನ್ನ ಬೇನೆಯನ್ನು ಮನೆಗೆ ಒಯ್ದು ಮಕ್ಕಳಿಗೆ ಹಂಚುತ್ತಾನೆ. ಬೆಂಗಳೂರಿನ ಆ ಸಂಸ್ಥೆ ಜಿಲ್ಲೆಗಳಿಂದ ಬರುವ ಡಾಕ್ಟರರನ್ನು ಮಾತ್ರ ಕರೆದು ಕಲಿಸಲಿಲ್ಲ. ಪ್ರಯೋಗಾಲಯದವರು, ಕ್ಷಕಿರಣದವರು, ಚಿಕಿತ್ಸೆಯ ಲೆಕ್ಕ ಇಡುವವರು, ಬಿ.ಸಿ.ಜಿ. ಹಾಕುವ ತಂಡದ ಮುಖ್ಯಸ್ಥರು ಎಲ್ಲರನ್ನೂ ಒಂದು ತಂಡವಾಗಿ ಕಲಿಸಿತು. ಮೂರನೆಯ ಪಾದಕ್ಕೆ ಮೊದಲನೆಯ ಪಾದದ ಪಕ್ಕದಲ್ಲಿ ಕುಳಿತು ಕಲಿಯುವ ಮಣೆ ದೊರೆತ ಗಳಿಗೆ ಅದು.

ಮಲೇರಿಯಾದ ಕಥೆಯೂ ಹೀಗೆಯೇ. ಧೂಪದಾಳದ ಒಡ್ಡಿನಿಂದ ಕಾಲುವೆ ಹರಿದ ಈ ಸೀಮೆಯಲ್ಲಿ ನೀರು ನಿಂತಲ್ಲಿ ಸೊಳ್ಳೆಯೂ ನಿಲ್ಲುತ್ತದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು, ಜ್ವರ ಬಂದವರುಂಟೇ ಎಂದು ಕೇಳಿ, ಬೆರಳು ಚುಚ್ಚಿ ರಕ್ತದ ಹನಿಯನ್ನು ಗಾಜಿಗೆ ಹಚ್ಚಿಕೊಂಡು, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದ ಕಾರ್ಯಕರ್ತನನ್ನು ಹಳಬರು ಮರೆತಿರಲಾರರು.

ಈ ಜ್ಞಾನವನ್ನು ವಿಶ್ವವಿದ್ಯಾನಿಲಯಗಳು ತಮ್ಮದೆಂದು ಒಪ್ಪಿಕೊಂಡದ್ದು ಮೆಲ್ಲಮೆಲ್ಲನೆ. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ 1932ರಲ್ಲಿ ಔಷಧಶಾಸ್ತ್ರ ಪಾಠಪಟ್ಟಿಗೆ ಸೇರಿತು. 1937ರಲ್ಲಿ ಸ್ವತಂತ್ರ ಪದವಿಯಾಯಿತು. ಕಂಪೌಂಡರನ ಕಿಟಕಿಯಿಂದ ವಿಶ್ವವಿದ್ಯಾನಿಲಯದ ಬಾಗಿಲಿಗೆ ಇಟ್ಟ ಮೊದಲ ಹೆಜ್ಜೆಯದು. 1946ರಲ್ಲಿ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ದಾದಿಯರ ವಿದ್ಯೆ ಪದವಿಯ ಮಟ್ಟಕ್ಕೇರಿತು. 1952ರಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಬ್ಬಿ ಮಕ್ಕಳ ಕಾಲುಗಳು ಸೋತಾಗ, ಔಷಧಕ್ಕಿಂತ ವ್ಯಾಯಾಮ ಬಲ್ಲ ಕೈಗಳು ಬೇಕಾದವು. ಮರುವರ್ಷ ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆ ಚಿಕಿತ್ಸೆಯ ಶಾಲೆ ಆರಂಭವಾಯಿತು.

ನಮ್ಮ ಕಡೆ ಏನಾಯಿತು? ಕರ್ನಾಟಕ ವಿಶ್ವವಿದ್ಯಾನಿಲಯ 1949ರಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ಇವು ಡಾಕ್ಟರರನ್ನು ಕೊಟ್ಟವು. ಪ್ರಯೋಗಾಲಯದ, ಕ್ಷಕಿರಣದ ಕೆಲಸಗಾರ ಬಹುಕಾಲ ಆಯಾ ದವಾಖಾನೆಯಲ್ಲಿಯೇ ತಯಾರಾಗುತ್ತಿದ್ದ. ಹೆಚ್ಚೆಂದರೆ ಒಂದು ಪ್ರಮಾಣಪತ್ರ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ 1994ರ ಕಾಯಿದೆಯಂತೆ ರೂಪುಗೊಂಡು 1996ರ ಜೂನ್ 1ರಿಂದ ಕಾರ್ಯಾರಂಭ ಮಾಡಿತು. ರಾಜ್ಯದ ವೈದ್ಯವಿದ್ಯೆಗಳೆಲ್ಲ ಒಂದೇ ಸೂರಿನಡಿಗೆ ಬಂದವು. ವೈದ್ಯಪೂರಕ ವಿದ್ಯೆಗಳೂ ಮೂರು ವರ್ಷದ ಓದು, ಮೇಲೊಂದು ವರ್ಷ ದವಾಖಾನೆಯ ಅನುಭವ ಎಂಬಂತೆ ಪದವಿಯ ರೂಪ ಪಡೆದವು. ಕೆಳಗಿನ ಮಟ್ಟದ ಡಿಪ್ಲೊಮಾಗಳಿಗೆ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿ ಬಂದಿತು. ಈ ಶತಮಾನದ ಮೊದಲ ದಶಕದಲ್ಲಿ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯನ್ನೊಳಗೊಂಡು ಸರಕಾರಿ ವೈದ್ಯವಿಜ್ಞಾನ ಸಂಸ್ಥೆಯೂ ಆರಂಭವಾಯಿತು.

2021ರ ಮಾರ್ಚಿನಲ್ಲಿ ಸಂಸತ್ತು ಈ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾನೂನನ್ನು ಒಪ್ಪಿತು. ಹತ್ತು ಗುಂಪುಗಳಲ್ಲಿ ಈ ವೃತ್ತಿಗಳನ್ನು ಹೆಸರಿಸಿ, ಕನಿಷ್ಠ 2000 ಗಂಟೆಗಳ ಕಲಿಕೆ ಯಾರಿಗೆ, 3600 ಗಂಟೆಗಳ ಕಲಿಕೆ ಯಾರಿಗೆ ಎಂದು ಗೊತ್ತುಮಾಡಿತು. ಕೋವಿಡಿನ ಕಾಲದಲ್ಲಿ ಮೈತುಂಬ ನಿಲುವಂಗಿ ತೊಟ್ಟು ಮೂಗು ಗಂಟಲಿನಿಂದ ಮಾದರಿ ತೆಗೆದವರನ್ನು, ಹಗಲಿರುಳು ಪರೀಕ್ಷೆ ನಡೆಸಿದವರನ್ನು ದೇಶ ಕಣ್ಣಾರೆ ಕಂಡ ಮೇಲೆ ಬಂದ ಕಾನೂನಿದು. ದೇವಿ ಹಾಕುವವನ ಮೊಮ್ಮಕ್ಕಳಿಗೆ ಕೊನೆಗೂ ಒಂದು ಹೆಸರು ದೊರೆಯಿತು.

ಇದು ಸಂತೋಷದ ಮಾತು. ಇಂದು ಮೂಡಲಗಿಯ ರೈತನ ಮಗಳು, ಹುಕ್ಕೇರಿಯ ನೇಕಾರನ ಮಗ ಪಿ.ಯು. ವಿಜ್ಞಾನ ಮುಗಿಸಿ ಈ ವಿದ್ಯೆಗಳಲ್ಲಿ ಪದವೀಧರರಾಗಬಹುದು. ಎಂ.ಬಿ.ಬಿ.ಎಸ್. ದೊರೆಯದ್ದಕ್ಕೆ ಇದನ್ನು ಹಿಡಿದೆವು ಎಂಬ ಕೊರಗಿಗೆ ಕಾರಣವಿಲ್ಲ. ಇದು ಎರಡನೆಯ ದರ್ಜೆಯ ವೈದ್ಯವಲ್ಲ, ಬೇರೊಂದು ವಿದ್ಯೆ. ಆದರೆ ಚರಕನ ಪಟ್ಟಿಯಲ್ಲಿ ಇನ್ನೊಂದು ಗುಣ ಉಳಿದಿದೆ, ಅನುರಾಗ. ಇದನ್ನು ಎಷ್ಟು ಗಂಟೆಗಳಲ್ಲಿ ಕಲಿಸಬೇಕೆಂದು ಯಾವ ಕಾಯಿದೆಯೂ ಹೇಳಲಾರದು.

ಅನುರಾಗವೆಂದರೆ ಕೇವಲ ಮೃದು ಮಾತಲ್ಲ. ನನ್ನ ಅಭಿಪ್ರಾಯದಲ್ಲಿ ಅದು ರೋಗಿಯ ಭಾಷೆಯನ್ನು ಬಲ್ಲುದು. ಕ್ಷಕಿರಣದ ಯಂತ್ರದ ಮುಂದೆ ನಿಂತ ಮುದುಕಿಗೆ ಪುಸ್ತಕದ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಅಪ್ಪಣೆ ಕೊಟ್ಟರೆ ಅವಳು ಗಾಬರಿಯಿಂದ ಉಸಿರಾಡುತ್ತಲೇ ಇರುತ್ತಾಳೆ, ಚಿತ್ರ ಮಸುಕಾಗುತ್ತದೆ. "ಯವ್ವಾ, ಉಸರು ಒಳಗ ಜಗ್ಗೊಂಡು ಹಂಗ ಹಿಡಕೊಂಡ ನಿಂದ್ರು" ಎಂದರೆ ಒಂದೇ ಸಲಕ್ಕೆ ಚಿತ್ರ ಸ್ವಚ್ಛವಾಗಿ ಬರುತ್ತದೆ. ಕಫದ ಪರೀಕ್ಷೆಗೆ ಬೇಕಾದದ್ದು ಎದೆಯಾಳದಿಂದ ಕೆಮ್ಮಿ ತೆಗೆದ ಕಫ. ಅದನ್ನು ತಿಳಿಯ ಹೇಳದಿದ್ದರೆ ರೋಗಿ ಸಂಕೋಚದಿಂದ ಬಾಯಿಯ ಉಗುಳನ್ನಷ್ಟೇ ಡಬ್ಬಿಗೆ ಹಾಕಿಕೊಡುತ್ತಾನೆ. ಮುಂದೆ ನೂರಲ್ಲ, ಇನ್ನೂರು ಕ್ಷೇತ್ರ ನೋಡಿದರೂ ರೋಗಾಣು ಕಾಣಿಸದು. ಹೊಟ್ಟೆಯಲ್ಲಿ ಕಡತವೋ ಉರಿಯೋ, ಎದೆಯಲ್ಲಿ ಚಳಕೋ ಭಾರವೋ, ತೇಕೋ ದಮ್ಮೋ ಎಂಬ ಭೇದಗಳನ್ನು ನಮ್ಮ ಹಳ್ಳಿಯ ಮಾತು ಎಷ್ಟು ನಯವಾಗಿ ಬಲ್ಲುದು! ಆ ಮಾತು ಕಿವಿಗೆ ಬಿದ್ದರೂ ಅರ್ಥವಾಗದ ಪದವೀಧರನ ಜ್ಞಾನ ಅಷ್ಟರಮಟ್ಟಿಗೆ ಕುರುಡು. ಇಲ್ಲಿ ಭಾಷೆ ಶಾಸ್ತ್ರದ ಅಲಂಕಾರವಲ್ಲ, ಶಾಸ್ತ್ರದ ಉಪಕರಣವೇ ಆಗಿದೆ.

ಈ ಪದವಿಗಳ ಓದು, ಪರೀಕ್ಷೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಕನ್ನಡ ಶಾಲೆಯಿಂದ ಬಂದ ಗೋಕಾಕದ ಹುಡುಗಿ ಮೊದಲ ವರ್ಷವೆಲ್ಲ ಶರೀರಶಾಸ್ತ್ರದೊಡನೆಯಲ್ಲ, ಭಾಷೆಯೊಡನೆ ಹೋರಾಡುತ್ತಾಳೆ. ತನಗೆ ಬರುವ ಮಾತು ಇಲ್ಲಿ ನಿರುಪಯುಕ್ತವೆಂದು ನಂಬಿ ನಾಚುತ್ತಾಳೆ. ನಾಳೆ ರೋಗಿಯ ಮುಂದೆ ನಿಲ್ಲುವಾಗ ಅವಳ ದೊಡ್ಡ ಆಸ್ತಿ ಅದೇ ಎಂದು ಅವಳಿಗೆ ಯಾರೂ ಹೇಳುವುದಿಲ್ಲ. ಇಂಗ್ಲಿಷನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಜಗತ್ತಿನ ವೈದ್ಯಜ್ಞಾನ ಆ ಭಾಷೆಯಲ್ಲಿ ಹರಿದುಬರುತ್ತಿರುವಾಗ ಬಾಗಿಲು ಮುಚ್ಚುವುದು ಅವಿವೇಕ. ಆದರೆ ವೈದ್ಯವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತನ್ನು ನಮ್ಮ ಇತಿಹಾಸ ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ನಾಟಕ ಕಲ್ಯಾಣಕಾರಕ’ವನ್ನು, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷಚಿಕಿತ್ಸೆಯ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ಬರೆದರು. ಆಗಿನ ಶಾಸ್ತ್ರದ ಭಾಷೆ ಸಂಸ್ಕೃತ; ಅದನ್ನು ಬಲ್ಲವರಾಗಿಯೇ ಅವರು ಕನ್ನಡದಲ್ಲಿ ಬರೆದರು. ಸಾರ್ವಜನಿಕರ ವಿಶ್ವವಿದ್ಯಾನಿಲಯವೊಂದು ಪದವಿಯ ಪಾಠದ ಜತೆಗೆ ಒಳ್ಳೆಯ ಕನ್ನಡ ಕೈಪಿಡಿಗಳನ್ನು, ಜಿಲ್ಲೆ ಜಿಲ್ಲೆಯ ಬೇನೆಯ ಮಾತುಗಳ ಕೋಶವನ್ನು ಸಿದ್ಧಪಡಿಸಿದರೆ ಅದು ಈ ಪರಂಪರೆಯ ಮುಂದುವರಿಕೆಯಾದೀತು.

ಅನುರಾಗದ ವಿಷಯ ಬಂದಾಗ ಒಬ್ಬ ತಾಯಿಯನ್ನು ನೆನೆಯದೆ ಇರಲಾಗದು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸೂಲಗಿತ್ತಿಯ ವಿದ್ಯೆಯನ್ನು ಮನೆಯ ಹಿರಿಯರ ಮಗ್ಗುಲಲ್ಲಿ ಕಲಿತು, ಹಣವನ್ನಪೇಕ್ಷಿಸದೆ, 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಹೇಳುತ್ತಾರೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಒಂದು ಸಾರ್ವಜನಿಕ ವಿಶ್ವವಿದ್ಯಾನಿಲಯ ತನ್ನ ಅತ್ಯುನ್ನತ ಗೌರವವನ್ನು ಒಬ್ಬ ಸೂಲಗಿತ್ತಿಗೆ ಅರ್ಪಿಸಿದ ಆ ದಿನ ಮೂರನೆಯ ಪಾದದ ಚರಿತ್ರೆಯಲ್ಲಿ ದೊಡ್ಡ ದಿನ. ಹಾಗೆಂದು ಹೆರಿಗೆಯನ್ನು ಮತ್ತೆ ಮನೆಯ ಮೂಲೆಗೆ ಒಯ್ಯಬೇಕೆಂದಲ್ಲ. ದವಾಖಾನೆಯ ಹೆರಿಗೆ ಎಷ್ಟೋ ತಾಯಂದಿರ ಜೀವ ಉಳಿಸಿದೆ. ಆದರೆ ಬಸುರಿಯ ಬೆನ್ನ ಮೇಲೆ ಇಟ್ಟ ಅನುಭವಿಯ ಕೈ ಕೊಡುತ್ತಿದ್ದ ಧೈರ್ಯವನ್ನು ಹೊಸ ವಿದ್ಯೆಯೂ ಕೊಡಬೇಕು.

ದೇವಿ ಹಾಕುವವನಲ್ಲಿ ದಕ್ಷತೆಯಿತ್ತು, ಸೇವಾದಳದ ತರುಣರಲ್ಲಿ ಶುಚಿತ್ವವಿತ್ತು, ಸೂಲಗಿತ್ತಿಯಲ್ಲಿ ಅನುರಾಗವಿತ್ತು. ವಿಶ್ವವಿದ್ಯಾನಿಲಯ ಈಗ ಜ್ಞಾನವನ್ನು ಕೊಡುತ್ತಿದೆ. ನಾಲ್ಕೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನರಲ್ಲಿ ಚೆದುರಿದ್ದವು. ಅವು ಒಬ್ಬರಲ್ಲಿಯೇ ಕೂಡುವ ಅವಕಾಶ ನಮ್ಮ ಚರಿತ್ರೆಯಲ್ಲಿ ಇದೇ ಮೊದಲ ಸಲ ಬಂದಿದೆ. ಪದವಿ ಪಡೆದ ಹುಡುಗ ಹುಡುಗಿಯರು ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೇ ಉಳಿದುಬಿಟ್ಟರೆ ಅವರನ್ನು ದೂರುವುದು ಸುಲಭ. ಅವರು ಘಟಪ್ರಭೆಯ ದಂಡೆಗೆ ಮರಳುವಂತೆ ಇಲ್ಲಿಯ ತಾಲೂಕು ಆಸ್ಪತ್ರೆಗಳಲ್ಲಿ ಅವರಿಗೆ ತಕ್ಕ ಕೆಲಸವನ್ನೂ ಉಪಕರಣವನ್ನೂ ಮರ್ಯಾದೆಯನ್ನೂ ಕಾದಿರಿಸುವುದು ನಮ್ಮ ಹೊಣೆ. 1929ರಲ್ಲಿ ಹರ್ಡೀಕರ, ಕೊಕಟನೂರರಂಥವರು ಪಟ್ಟಣವನ್ನು ಬಿಟ್ಟು ಈ ದಂಡೆಗೆ ಬಂದದ್ದು ತ್ಯಾಗದಿಂದ. ಎಲ್ಲರಿಂದಲೂ ತ್ಯಾಗವನ್ನು ಬೇಡುವುದು ನ್ಯಾಯವಲ್ಲ.

ಮರ್ಯಾದೆಯನ್ನಾದರೂ ನಾವು ಇಂದೇ ಕೊಡಬಹುದು. ಅದಕ್ಕೆ ಸರಕಾರದ ಆಜ್ಞೆ ಬೇಕಿಲ್ಲ. ಇನ್ನೊಮ್ಮೆ ದವಾಖಾನೆಗೆ ಹೋದಾಗ, ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆಯುವ ಆ ತರುಣಿಯನ್ನು ಕೇಳೋಣ: "ತಂಗೀ, ನಿನ್ನ ಹೆಸರೇನವ್ವಾ? ಯಾವೂರಾಕಿ?" ಮನೆಗೆ ಮರಳಿದ ಮೇಲೆ, ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ಕೇಳಿದವರಿಗೆ ಡಾಕ್ಟರ ಹೆಸರಿನ ಜತೆಗೆ ಆ ಹೆಸರನ್ನೂ ಹೇಳೋಣ.

(ಬಾನುಲಿ ಭಾಷಣ)